ಎರಡನೇ ಬಾಗಿಲು

"ಇದನ್ನ ಇವತ್ತು ಐದು ಗಂಟೆಯೊಳಗೆ ಪಟ್ಟಿಗೆ ಸೇರಿಸಬೇಕು. ಆಮೇಲೆ ಆ ವೆಬ್‌ಸೈಟೇ ಇರಲ್ಲ."

ಗ್ರಂಥಾಲಯಕ್ಕೆ ಅಂದು ತಾನೇ ಸೇರಿದ್ದವನು ಅವಳ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಕಂಪ್ಯೂಟರಿನಲ್ಲೇ ಹುಟ್ಟಿ ಅಲ್ಲೇ ಅಳಿದುಹೋಗುವ ಕಥೆಗಳನ್ನು ಹುಡುಕಿ ತರುವುದು ಅವನ ಕೆಲಸ. ಓದಿ ಪಟ್ಟಿ ಮಾಡುವುದು ಅವಳದು.

ಪರದೆಯ ಮೇಲೆ ಒಂದು ಮನೆ. ಬಾಗಿಲು ಒತ್ತಿದರೆ ಕಥೆಯ ಮುಂದಿನ ಪುಟ.

ಅವಳು ಕಂಡ ಕೂಡಲೇ ಗುರುತಿಸಿದಳು. ಆ ಮನೆಯ ಅರ್ಧ ಬಾಗಿಲುಗಳನ್ನು ಬರೆದವಳು ಅವಳೇ!

"ಬರೆದವರು ಇಬ್ಬರು," ಅವನೆಂದ. "ಗೂಬೆ ಮತ್ತು ಮಿಣುಕು. ಒಬ್ಬರ ಮುಖ ಒಬ್ಬರು ನೋಡಿಲ್ಲ. ಈ ಮಿಣುಕು ಯಾರು ಅಂತ ಮಾತ್ರ ಗೊತ್ತಾಗ್ತಿಲ್ಲ."

ಮಿಣುಕು ಪರದೆಯಿಂದ ಕಣ್ಣು ಕೀಳಲಿಲ್ಲ. ಗೊತ್ತಾಗದೇ ಇರಲಿ, ದೇವರೇ...

ಏಳು ವರ್ಷದ ಹಿಂದೆ, ಇವಳೊಂದು ಪುಟ, ಗೂಬೆಯದೊಂದು ಪುಟ. ಮುಖ ನೋಡದೆ ಮನಸ್ಸು ಕೊಟ್ಟ ಹುಚ್ಚಿ ಇವಳು! ಒಂದು ದಿನ ಧೈರ್ಯ ಮಾಡಿ ಕಥೆಯ ಹುಡುಗಿಯ ಬಾಯಲ್ಲಿ ಕೇಳಿಸಿದ್ದಳು, 'ಒಳಗೆ ಬರಲಾ?' ಮರುದಿನ ಗೂಬೆಯ ಪುಟದಲ್ಲಿ ಒಂದೇ ಬಾಗಿಲು. ಅದರ ಮೇಲೆ ಎರಡೇ ಪದ, 'ಒಳಗೆ ಬರಬೇಡ.'

ಆಮೇಲೆ ಅವಳು ಆ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ.

"ಕೊನೇ ಪುಟ ಬಿಟ್ಟುಬಿಡೋಣ... ಹೊತ್ತಾಯ್ತು."

"ಬಿಡೋ ಹಾಗಿಲ್ಲ. ಎಲ್ಲಾ ಬಾಗಿಲೂ ತೆಗೆದು ನೋಡದೆ ಪಟ್ಟಿಗೆ ಸೇರಿಸಬಾರದು. ನಿಮ್ಮ ವಿಭಾಗದ್ದೇ ನಿಯಮ."

ಆ ನಿಯಮ ಮಾಡಿದವಳೂ ಇವಳೇ. ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದಳು.

ನಾಲ್ಕೂ ಮುಕ್ಕಾಲು. ಇವನ ಎದುರು ಅತ್ತುಬಿಟ್ಟರೆ? ಕೊನೇ ಪುಟದ ಬಾಗಿಲು ಒತ್ತಿದಳು.

'ಒಳಗೆ ಬರಬೇಡ.'

ಅದೇ ಎರಡು ಪದ. ಆದರೆ ಪುಟ ಅಲ್ಲಿಗೆ ಮುಗಿದಿರಲಿಲ್ಲ. ಅಗಲ ಪರದೆಯ ಬಲತುದಿಯಲ್ಲಿ ಇನ್ನೊಂದು ಬಾಗಿಲಿತ್ತು.

'ಅಲ್ಲೇ ನಿಂತಿರು. ನಾನೇ ಹೊರಗೆ ಬರ್ತೀನಿ.'

"ಇದು... ಇದು ಇರಲಿಲ್ಲ! ನನ್ನ ಫೋನಲ್ಲಿ ಒಂದೇ ಬಾಗಿಲಿತ್ತು..."

ಮಾತು ಬಾಯಿ ಜಾರಿಬಿಟ್ಟಿತ್ತು. ಅವಳು ಗಾಬರಿಯಿಂದ ಅವನತ್ತ ನೋಡಿದಳು.

ಅವನ ಮುಖ ಬಿಳಿಚಿಕೊಂಡಿತ್ತು. "ಚಿಕ್ಕ ಫೋನಾ? ಹಾಗಾದ್ರೆ ಬಲಗಡೆದು ಕತ್ತರಿಸಿ ಹೋಗಿರುತ್ತೆ... ನಾನು ಕಂಪ್ಯೂಟರಲ್ಲಿ ಬರೆದೆ. ಫೋನಲ್ಲಿ ಹೇಗೆ ಕಾಣುತ್ತೆ ಅಂತ ನೋಡ್ಲೇ ಇಲ್ಲ."

"ನೀವು... ಬರೆದ್ರಾ?"

"ಏಳು ವರ್ಷದಿಂದ ದಿನಾ ಆ ಪುಟ ತೆಗೆದು ನೋಡ್ತಿದ್ದೆ, ಮಿಣುಕು. ನಿಂಗೆ ನಾನು ಬೇಡವಾದೆ ಅಂದ್ಕೊಂಡೆ. ಕೊನೆಗೆ ಅದೂ ಅಳಿಸಿಹೋಗುತ್ತೆ ಅಂತ ಗೊತ್ತಾದಾಗ ಹೆದರಿಕೆ ಆಯ್ತು. ಅದನ್ನ ಉಳಿಸೋಕೇ ಈ ಕೆಲಸಕ್ಕೆ ಸೇರಿದ್ದು."

ಅವಳಿಗೆ ನಗುವೂ ಬಂತು, ಅಳುವೂ ಬಂತು. "ನಿಜವಾದ ಗೂಬೆ ನೀವು," ಎಂದಳು, ಕಣ್ಣೊರೆಸಿಕೊಳ್ಳುತ್ತಾ.

ಐದಕ್ಕೆ ಎರಡು ನಿಮಿಷವಿದ್ದಾಗ ಕಥೆಯ ಪ್ರತಿ ಭದ್ರವಾಯಿತು. 'ಬರೆದವರು' ಎಂಬ ಜಾಗದಲ್ಲಿ ಅವನು ಗೂಬೆ ಎಂದು ಹಾಕಿದ. ಪಕ್ಕದಲ್ಲಿ ಮಿಣುಕು ಎಂದು ಅವಳು ಹಾಕಿದಳು.

ಐದಾಯಿತು. ವೆಬ್‌ಸೈಟಿನ ಮನೆ ಕಣ್ಣೆದುರೇ ಮಾಯವಾಗಿ ಬರೀ ಬಿಳಿ ಪುಟ ಉಳಿಯಿತು. ಮತ್ತೆ ಅದೇ ಹಳೆಯ ಭಯ.

"ಹೋಯ್ತು... ಇನ್ನು ನಾನು ಯಾವ ಬಾಗಿಲಿಗೆ ಬರ್ಲಿ?"

ಅವನು ಅವಳ ತಣ್ಣನೆಯ ಕೈಯನ್ನು ಮೆಲ್ಲಗೆ ಹಿಡಿದುಕೊಂಡ.

"ನೀನು ಎಲ್ಲಿಗೂ ಬರೋದು ಬೇಡ. ನಾನು ಹೊರಗೆ ಬಂದಾಯ್ತಲ್ಲ."