ಆರು ಜನ ಕೂತರೆ ಹರಟೆ

ಒಂದಾನೊಂದು ಕಾಲದಲ್ಲಿ ಹನ್ನೆರಡು ಕುರ್ಚಿಗಳ ಒಂದು ಕೋಣೆಯಿತ್ತು. ಆ ಕೋಣೆಗೊಬ್ಬ ರಾಜ, ರಾಜನಿಗೊಬ್ಬಳು ಮಂತ್ರಿ. ಮಂತ್ರಿ ಪ್ರತಿ ಶುಕ್ರವಾರ ಬಾಗಿಲು ತೆರೆದು, ಕುರ್ಚಿಗಳ ಧೂಳು ಒರೆಸಿ, ಪ್ರಜೆಗಳಿಗಾಗಿ ಕಾಯುತ್ತಿದ್ದಳು. ಪ್ರಜೆಗಳು ಮಾತ್ರ...

ಅಜ್ಜಿಯಾದರೆ ಈ ಕತೆಯನ್ನು ಹೀಗೇ ಶುರು ಮಾಡುತ್ತಿದ್ದಳು, ಎಂದುಕೊಂಡಳು ಸೆಕ್ರೆಟರಿ. ಆದರೆ ಅಜ್ಜಿ ಈಗ ದೊಡ್ಡಪ್ಪನ ಊರಿನಲ್ಲಿದ್ದಾಳೆ.

"ಲೇ ಸೆಕ್ರೆಟರಿ, ಎಲ್ಲಿ ಕಳೆದುಹೋದೆ?" ವಿದ್ಯಾರ್ಥಿ ಸಂಘದ ಅಧ್ಯಕ್ಷ ಮೇಜು ಕುಟ್ಟಿದ. "ಎಷ್ಟು ಜನ ಆದ್ವಿ?"

"ನನ್ನೂ ಸೇರಿಸಿ ಆರು."

"ಇವತ್ತೂ ಆರೇನಾ? ನಡೀರಪ್ಪ ಮನೆಗೆ."

"ಕೋರಂ ಇಲ್ಲ, ಕೋರಂ ಇಲ್ಲ!" ಸ್ಕೂಲ್ ಟೀಮಿನ ಗೋಲ್‌ಕೀಪರ್ ಕುರ್ಚಿಯನ್ನು ಹಿಂದಕ್ಕೆ ವಾಲಿಸಿದ. "ಕೆಮ್ಮಿನ ಸಿರಪ್ ಹೆಸರಿದ್ದ ಹಾಗಿದೆ ಕಣ್ರೋ. ಊಟ ಆದ್ಮೇಲೆ ಎರಡು ಚಮಚ ಕೋರಂ!"

ಎಲ್ಲರೂ ನಕ್ಕರು. ಸೆಕ್ರೆಟರಿಯೂ ನಗಲು ನೋಡಿದಳು, ಆಗಲಿಲ್ಲ.

ವಿದ್ಯಾರ್ಥಿ ಸಂಘಕ್ಕೆ ಒಂದೊಂದು ಕ್ಲಾಸಿನಿಂದ ಇಬ್ಬಿಬ್ಬರನ್ನು ಆರಿಸಿದ್ದ ದಿನವೇ ಹೆಡ್‌ಮಾಸ್ಟರು ಹೇಳಿದ್ದರು: "ಹನ್ನೆರಡರಲ್ಲಿ ಏಳು ಜನ ಒಳಗೆ ಕೂತಿದ್ದರೆ ಕೋರಂ, ಆಗ ಸಭೆ. ಆರು ಜನ ಕೂತರೆ ಅದು ಹರಟೆ." ಅಂದೇ ಸಂಘದ ಸೆಕ್ರೆಟರಿಯಾದ ಅವಳನ್ನು ಆಮೇಲೆ ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಮೊದಮೊದಲು ತಮಾಷೆಗೆ ಸೆಕ್ರೆಟರಿ ಎಂದರು. ಆಮೇಲೆ ಅದೇ ಅಂಟಿಕೊಂಡಿತು.

ಇವತ್ತು ಮಾತ್ರ ಹರಟೆಯಾದರೆ ನಡೆಯುತ್ತಿರಲಿಲ್ಲ. ಲೈಬ್ರರಿಯನ್ನು ಸಂಜೆಯವರೆಗೂ ತೆರೆದಿಡಬೇಕೆಂದು ಸಂಘ ತೀರ್ಮಾನ ಮಾಡಿದರೆ ಹೆಡ್‌ಮಾಸ್ಟರು ಒಪ್ಪುವವರಿದ್ದರು. ಇವತ್ತು ತೀರ್ಮಾನವಾಗದಿದ್ದರೆ ಲೈಬ್ರರಿ ಮಿಸ್‌ಗೆ ಸೋಮವಾರದಿಂದ ಮಕ್ಕಳನ್ನು ವ್ಯಾನ್ ಹತ್ತಿಸುವ ಡ್ಯೂಟಿ. ಆಮೇಲೆ ವರ್ಷವಿಡೀ ಶಾಲೆ ಬಿಡುವ ಲಾಂಗ್ ಬೆಲ್ ಹೊಡೆದ ಕೂಡಲೇ ಲೈಬ್ರರಿಗೆ ಬೀಗ.

"ಏಳು ಜನರನ್ನ ನಾನು ಸೇರಿಸ್ತೀನಿ ಮಿಸ್," ಎಂದು ಸೆಕ್ರೆಟರಿ ಮಾತು ಕೊಟ್ಟಿದ್ದಳು.

"ಅಷ್ಟಕ್ಕೂ ಲೈಬ್ರರಿ ಯಾಕೆ ಬೇಕು ನಿಂಗೆ?" ಅಧ್ಯಕ್ಷ ಕೇಳಿದ.

"ಓದ್ಕೊಳ್ಳೋಕೆ."

ಅದು ಪೂರ್ತಿ ನಿಜವಲ್ಲ. ಅಮ್ಮನಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ರಾಶಿ ರಾಶಿ ಬೆಡ್‌ಶೀಟುಗಳಿಗೆ ಇಸ್ತ್ರಿ ಹಾಕಿ ಬರುವಷ್ಟರಲ್ಲಿ ಕತ್ತಲಾಗುತ್ತದೆ. ಅಲ್ಲಿಯವರೆಗೆ ಮನೆಯಲ್ಲಿ ಫ್ರಿಜ್ಜಿನ ಗುಂಯ್ ಸದ್ದು ಒಂದೇ. ಅದು ನಿಂತಾಗ ಇನ್ನೂ ಭಯ. ಅಜ್ಜಿಯ ಮಂಚದ ಮೇಲೆ ಈಗ ಮಡಿಚದ ಬಟ್ಟೆಗಳು. ಇದನ್ನೆಲ್ಲ ಹೇಗೆ ಹೇಳುವುದು? ಗೋಲ್‌ಕೀಪರ್ ಇದಕ್ಕೂ ಒಂದು ಸಿರಪ್ ಹುಡುಕಿಯಾನು.

"ಸ್ವಲ್ಪ ಇರಿ. ಯಾರಾದ್ರೂ ಇದ್ದಾರಾ ನೋಡಿ ಬರ್ತೀನಿ," ಎಂದಳು.

"ಬೇಗ ಬಾ. ಇಲ್ಲಾಂದ್ರೆ ನಾವು ಜಾಗ ಖಾಲಿ ಮಾಡ್ತೀವಿ."

ಐದನೇ ಕ್ಲಾಸಿಗೆ ಆಗಲೇ ಬೀಗ ಬಿದ್ದಿತ್ತು. ಎಂಟನೇ ಕ್ಲಾಸಿನಲ್ಲಿ ಮೇಲೆತ್ತಿಟ್ಟ ಬೆಂಚುಗಳು ಕಾಲು ಮೇಲೆ ಮಾಡಿ ಮಲಗಿದ್ದವು. ಗೇಟಿನಾಚೆ ಕೊನೆಯ ವ್ಯಾನು ತಿರುವಿನಲ್ಲಿ ಮರೆಯಾಗುತ್ತಿತ್ತು. ಸೆಕ್ರೆಟರಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಬೇಡ ಬೇಡವೆಂದರೂ ಕಣ್ಣು ತುಂಬಿತು.

ಅದೇ ಮೆಟ್ಟಿಲ ಮೂಲೆಯಲ್ಲಿ ಒಬ್ಬಳು ಪುಟ್ಟ ಹುಡುಗಿ ಕೂತಿದ್ದಳು. ಗುಂಡು ಮುಖದ ಅವಳನ್ನು ಎಲ್ಲರೂ ಬಟಾಣಿ ಎನ್ನುತ್ತಿದ್ದರು. ಶುಕ್ರವಾರ ಮನೆಗೆ ಹೋಗುವಾಗೆಲ್ಲ ಸೆಕ್ರೆಟರಿ ಅವಳನ್ನು ಅಲ್ಲೇ ನೋಡಿದ್ದಳು. ಅಣ್ಣನಿಗೋ ಅಕ್ಕನಿಗೋ ಕಾಯುತ್ತಿರಬೇಕು ಎಂದುಕೊಂಡು ಮುಂದೆ ಹೋಗಿದ್ದಳು.

ಬಟಾಣಿ ಸ್ವಲ್ಪ ಸ್ವಲ್ಪವೇ ಹತ್ತಿರ ಸರಿದಳು. ಮೆಲ್ಲಗೆ ಕೇಳಿದಳು:

"ಅಕ್ಕಾ, ನಿಂಗೂ ಹೊರಗಿರು ಅಂದ್ರಾ?"

ಸೆಕ್ರೆಟರಿ ಕಣ್ಣೊರೆಸಿಕೊಂಡಳು. "ಇಲ್ಲ... ಯಾಕೆ? ನಿಂಗೆ ಯಾರು ಅಂದ್ರು?"

"ನೀನೇ."

"ನಾನಾ? ಯಾವಾಗ?"

"ಫಸ್ಟ್ ಮೀಟಿಂಗ್ ದಿನ. ನೀನು ಟೇಬಲ್ ಕೆಳಗಿದ್ದೆ. ಒಳಗೆ ಬರ್ಲಾ ಅಂತ ನಾನು ಕೇಳ್ದೆ. ಈಗ ಬೇಡ, ಹೊರಗಿರು, ಕರೀತೀನಿ ಅಂತ ನೀನಂದೆ. ನಾನು ಮೂರನೇ ಕ್ಲಾಸಿಂದ ಬಂದಿರೋಳು."

ಸೆಕ್ರೆಟರಿಗೆ ನೆನಪಾಯಿತು. ಅವತ್ತು ಮೇಜಿನ ಒಂದು ಕಾಲು ಅಲುಗಾಡುತ್ತಿತ್ತು. ಅದರ ಕೆಳಗೆ ರಟ್ಟು ಸಿಕ್ಕಿಸುತ್ತಿದ್ದಾಗ ಬಾಗಿಲಲ್ಲೊಂದು ಸಣ್ಣ ದನಿ. ಮುಖ ನೋಡಿರಲಿಲ್ಲ; ಪಟ್ಟಿಯಲ್ಲಿದ್ದ ಹೆಸರು ಬಟಾಣಿಯದೆಂದೂ ಗೊತ್ತಿರಲಿಲ್ಲ. ಕರೆಯುವುದಂತೂ ಮರೆತೇಹೋಗಿತ್ತು. ಆಮೇಲೆ ವಾರವಾರವೂ 'ಮೂರನೇ ಕ್ಲಾಸಿನವರು ಬಂದಿಲ್ಲ' ಎಂದು ಬರೆದು, ಎಂಥ ಬೇಜವಾಬ್ದಾರಿ ಎಂದು ಬೈದುಕೊಂಡಿದ್ದಳು.

"ಅವತ್ತಿಂದ ಕಾಯ್ತಿದೀಯಾ? ಇಲ್ಲೇ?"

"ಹೂಂ. ನೀನು ಕರೀಲೇ ಇಲ್ಲ." ಬಟಾಣಿಯ ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ಕ್ಲಾಸಿನ ಇನ್ನೊಬ್ಬ ಎರಡು ವಾರ ಕಾದು ಬಿಟ್ಬಿಟ್ಟ. ನಂಗೆ ಮನೇಲೂ ಕಾಯೋದೇ ತಾನೇ, ಅಪ್ಪ ಬರೋವರ್ಗೂ."

ಸೆಕ್ರೆಟರಿ ಎದ್ದು ಕೈ ಚಾಚಿದಳು.

"ಬಾ. ಈಗ ಕರೀತಿದೀನಿ."

ಕೋಣೆಯಲ್ಲಿ ಎಲ್ಲರೂ ಬ್ಯಾಗು ಹೆಗಲಿಗೇರಿಸಿ ನಿಂತಿದ್ದರು. ಬಾಗಿಲಲ್ಲಿ ಬಟಾಣಿ ಮತ್ತೆ ನಿಂತುಬಿಟ್ಟಳು. ಸೆಕ್ರೆಟರಿ ತಾನೇ ಒಂದು ಕುರ್ಚಿ ಎಳೆದು, ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿ ಅವಳನ್ನು ಕೂರಿಸಿದಳು. ಅವಳ ಕಾಲು ನೆಲಕ್ಕೆ ಮುಟ್ಟಲಿಲ್ಲ.

"ಏಳು ಜನ ಆದ್ವಿ," ಎಂದಳು ಸೆಕ್ರೆಟರಿ.

"ಅರೆ, ಎಲ್ಲಿಂದ ಉದುರಿತೇ ಇದು?" ಗೋಲ್‌ಕೀಪರ್ ಬ್ಯಾಗು ಇಳಿಸಿದ.

"ಉದುರಲಿಲ್ಲ. ಇಲ್ಲೇ ಇದ್ಳು. ನಾನೇ ಮರೆತಿದ್ದೆ."

ಅಧ್ಯಕ್ಷ ವಿಷಯ ಓದಿ ಹೇಳಿದ. ಬಟಾಣಿ ಮೆಲ್ಲಗೆ ಕೇಳಿದಳು: "ಲೈಬ್ರರೀಲಿ ಕೂತ್ರೆ ಯಾರಾದ್ರೂ ಹೊರಗಿರು ಅಂತಾರಾ?"

"ಯಾರೂ ಅನ್ನಲ್ಲ," ಎಂದಳು ಸೆಕ್ರೆಟರಿ. ಆಮೇಲೆ ಎಲ್ಲರ ಕಡೆ ತಿರುಗಿದಳು. "ನಂಗೂ ಅದಕ್ಕೇ ಬೇಕು. ಓದೋಕೆ ಅಂತ ಸುಮ್ನೆ ಹೇಳ್ದೆ. ನಮ್ಮನೇಲಿ ಸಂಜೆ ಯಾರೂ ಇರಲ್ಲ."

ಯಾರೂ ನಗಲಿಲ್ಲ. ಗೋಲ್‌ಕೀಪರ್ ಸುಮ್ಮನೆ ಕುರ್ಚಿಯನ್ನು ನೆಟ್ಟಗೆ ಮಾಡಿಕೊಂಡು ಕೂತ. ಮೊದಲು ಮೇಲೆದ್ದ ಕೈ ಅವನದೇ. ಬಟಾಣಿಯಂತೂ ಎರಡೂ ಕೈ ಎತ್ತಿದಳು.

"ಒಂದು ಕೈ ಸಾಕಮ್ಮ," ಎಂದ ಅಧ್ಯಕ್ಷ.

ತೀರ್ಮಾನದ ಹಾಳೆ ನೋಡಿ ಲೈಬ್ರರಿ ಮಿಸ್ ಕೈಯಲ್ಲಿದ್ದ ಬೀಗವನ್ನು ಡ್ರಾಯರ್‌ಗೆ ಹಾಕಿದರು. "ಸೋಮವಾರದ ತನಕ ಯಾಕೆ ಕಾಯ್ಬೇಕು? ಇವತ್ತೇ ಕೂತ್ಕೊಳ್ಳಿ," ಎಂದು ಲೈಟು ಹಾಕಿದರು.

ಬಟಾಣಿ ಒಂದು ಚಿತ್ರದ ಪುಸ್ತಕ ತೆಗೆದು, ಪಕ್ಕದ ಕುರ್ಚಿಯ ಮೇಲೆ ಕೈಯಿಟ್ಟು ಜಾಗ ಹಿಡಿದಳು. "ಅಕ್ಕಾ, ಬಾ."

"ಬಂದೆ, ಇರು."

ಸೆಕ್ರೆಟರಿ ಹೊರಗೆ ಬಂದು ಮೆಟ್ಟಿಲ ಮೂಲೆಯನ್ನೂ, ಕಾರಿಡಾರಿನ ಕೊನೆಯನ್ನೂ, ಕಂಬದ ಹಿಂದನ್ನೂ ನೋಡಿದಳು. ಕಾಯುತ್ತಿದ್ದವರು ಯಾರೂ ಇರಲಿಲ್ಲ. ಆಮೇಲೆ ಒಳಗೆ ಹೋಗಿ ಕೂತಳು.