ಅಮ್ಮನ ಗೋಡೆಗೆ ಯಾವ ಬಣ್ಣ?

“ಅಮ್ಮಾ, ಇವತ್ತೇ ಶುರು ಮಾಡ್ತೀಯಾ, ಇಲ್ಲಾ ನಾನು ದೊಡ್ಡೋಳಾಗಿ ಕಾಲೇಜಿಗೆ ಹೋದ ಮೇಲೆನಾ?”

ಚೂಟಿ ಸೊಂಟದ ಮೇಲೆ ಕೈಯಿಟ್ಟು ಏಣಿಯ ಬುಡದಲ್ಲಿ ನಿಂತಿದ್ದಳು. ಅಮ್ಮ ನಾಲ್ಕನೇ ಮೆಟ್ಟಿಲ ಮೇಲಿದ್ದಳು. ಕೈಯಲ್ಲಿ ಬ್ರಶ್ ಇತ್ತು. ಬ್ರಶ್ಶಿಗೆ ಒಂದು ಹನಿ ಬಣ್ಣವೂ ತಾಗಿರಲಿಲ್ಲ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಏಣಿ ಹತ್ತಿದವಳು ಹತ್ತೂಕಾಲಾದರೂ ಗೋಡೆಯನ್ನು ನೋಡುತ್ತಲೇ ಇದ್ದಳು.

ಹಾಲ್‌ನಲ್ಲಿದ್ದ ಸಾಮಾನೆಲ್ಲ ನಟ್ಟನಡುವೆ ಗುಡ್ಡೆ ಬಿದ್ದಿತ್ತು. ಸೋಫಾದ ಮೇಲೆ ಟೀಪಾಯಿ ಕಾಲು ಮೇಲೆ ಮಾಡಿಕೊಂಡು ಮಲಗಿತ್ತು. ಅದರ ಮೇಲೆ ದಿಂಬು, ಚಪ್ಪಲಿ ಸ್ಟ್ಯಾಂಡು, ಎಲ್ಲಕ್ಕೂ ಸೇರಿ ಒಂದು ಹಳೇ ಬೆಡ್‌ಶೀಟು. ನೆಲದ ತುಂಬ ನ್ಯೂಸ್‌ಪೇಪರ್. ಮೂಲೆಯಲ್ಲಿ ಬಿಳಿ ಪೇಂಟಿನ ದೊಡ್ಡ ಬಕೆಟ್ಟು, ಅದಕ್ಕೆ ಕಲಸಲು ಹತ್ತಾರು ಬಣ್ಣದ ಪುಟ್ಟ ಬಾಟಲಿಗಳು.

ಚೂಟಿಯ ಅಮ್ಮ ಪೇಂಟರ್. ಚಿತ್ರ ಬರೆಯುವವಳಲ್ಲ, ಮನೆಗಳಿಗೆ ಬಣ್ಣ ಬಳಿಯುವವಳು. ಎಷ್ಟೇ ಎತ್ತರದ ಗೋಡೆಯಾದರೂ ಸೈ, ಎಂಥ ಹಟಮಾರಿ ಗಿರಾಕಿಯಾದರೂ ಸೈ, ಅವಳು ಹೆದರಿದ್ದಿಲ್ಲ. ಆದರೆ ಸ್ವಂತ ಮನೆಯ ಹಾಲ್‌ಗೆ ಮಾತ್ರ ಹನ್ನೊಂದು ವರ್ಷದಿಂದ ಬಣ್ಣ ಹೊಡೆದಿರಲಿಲ್ಲ.

ಹಾಗಂತ ಆ ಗೋಡೆಗೆ ಬಣ್ಣವೇ ಇರಲಿಲ್ಲ ಅಂದುಕೊಳ್ಳಬೇಡಿ! ಬೇಕಾದ್ದಕ್ಕಿಂತ ಜಾಸ್ತಿಯೇ ಇತ್ತು. ಯಾರ ಮನೆಯ ಕೆಲಸ ಒಪ್ಪಿಕೊಂಡರೂ ಅಮ್ಮ ಹಿಂದಿನ ಸಂಜೆ ಬಣ್ಣ ಕಲಸಿ, ತಮ್ಮ ಗೋಡೆಗೆ ಅಂಗೈಯಗಲ ಹಚ್ಚಿಡುತ್ತಿದ್ದಳು. ಒಣಗಿದ ಮೇಲೆ ಅದು ಹೇಗೆ ಕಾಣುತ್ತದೆಂದು ಬೆಳಗಿನ ಬೆಳಕಲ್ಲಿ ನೋಡಿಯೇ ಕೆಲಸಕ್ಕೆ ಹೊರಡುತ್ತಿದ್ದಳು. ಪ್ರತಿ ಬಣ್ಣದ ಕೆಳಗೂ ಪೆನ್ಸಿಲ್ಲಿನಲ್ಲಿ ಒಂದು ಗುರುತು. ‘ಹಲ್ಲು ಡಾಕ್ಟರ್ ವೇಟಿಂಗ್ ರೂಮ್’, ‘ಅವಳಿ ಮಕ್ಕಳ ಬೆಡ್‌ರೂಮ್’, ‘ಸಿಡುಕು ಮೇಷ್ಟ್ರ ಅಡುಗೆಮನೆ’. ಹೀಗೆ ಇಡೀ ಗೋಡೆ ತುಂಬಿ ಹೋಗಿತ್ತು.

ಚೂಟಿಗೆ ಮೊದಲೆಲ್ಲ ಅದು ಏನೂ ಅನ್ನಿಸಿರಲಿಲ್ಲ. ಹೋದ ತಿಂಗಳು, ಕ್ಲಾಸಿನಲ್ಲಿ ಎಲ್ಲರೂ ಉದ್ದಜಡೆ ಎಂದು ಕರೆಯುವ ಹುಡುಗಿ ಮನೆಗೆ ಬಂದಳು ನೋಡಿ, ಅಲ್ಲಿಂದ ಶುರುವಾಯಿತು ತಲೆನೋವು. ಉದ್ದಜಡೆ ಗೋಡೆ ನೋಡಿದ್ದೇ ತಡ, ಬಿದ್ದು ಬಿದ್ದು ನಕ್ಕಳು. “ಏನೇ ಇದು? ನಿಮ್ಮನೆ ಗೋಡೆ ತೇಪೆ ಹಾಕಿದ ಚಡ್ಡಿ ಥರ ಇದೆ!”

ಮಾರನೇ ದಿನ ಕ್ಲಾಸಿಗೆ ಕ್ಲಾಸೇ ‘ತೇಪೆ ಚಡ್ಡಿ’ ಎಂದು ನಕ್ಕಿತು. ಚೂಟಿಯ ಕಿವಿ ಬಿಸಿಯಾಯಿತು. ಅವಳು ಎದ್ದು ನಿಂತು, “ನಮ್ಮ ಹಾಲ್‌ಗೆ ನೇರಳೆ ಬಣ್ಣ ಬರುತ್ತೆ. ಡಾರ್ಕ್ ನೇರಳೆ. ಬಂದು ನೋಡ್ರೇ!” ಎಂದು ಘೋಷಿಸಿಬಿಟ್ಟಳು. ಈ ಸೋಮವಾರ ಸಂಜೆ ಸೌರಮಂಡಲದ ಮಾಡೆಲ್ ಮಾಡಲು ಉದ್ದಜಡೆ ಮತ್ತು ಇನ್ನಿಬ್ಬರು ಚೂಟಿಯ ಮನೆಗೇ ಬರುವವರಿದ್ದರು. ಇರುವುದು ಎರಡೇ ದಿನ. ಅಮ್ಮ ನೋಡಿದರೆ ಮೀನಮೇಷ ಎಣಿಸುತ್ತಿದ್ದಾಳೆ.

“ಮೊದಲು ಗೋಡೆ ಉಜ್ಜಬೇಕು,” ಎಂದಳು ಅಮ್ಮ.

“ನಿನ್ನೇನೇ ಉಜ್ಜಿದ್ದಾಯ್ತಲ್ಲ! ನಾನೂ ಉಜ್ಜಿದೀನಿ. ನೋಡು, ಉಗುರೆಲ್ಲ ಸವೆದಿದೆ.”

“ಹಾಗಾದ್ರೆ ಸೀಲಿಂಗ್ ಮೊದಲು ಮಾಡೋಣ್ವಾ? ಅಥವಾ ಕಿಟಕಿ? ಕರ್ಟನ್ ಯಾವುದು ಅಂತ ಗೊತ್ತಾಗದೆ ಗೋಡೆ ಹೇಗೆ...” ಅಮ್ಮ ಏಣಿಯಿಂದ ಇಳಿದಳು. “ಒಂದು ಲೋಟ ಟೀ ಕುಡಿದು ಬರ್ತೀನಿ.”

ಅದು ಮೂರನೇ ಲೋಟ.

ಲಿಫ್ಟ್ ರಿಪೇರಿ ಕೆಲಸದ ಅಪ್ಪ ಡ್ಯೂಟಿಗೆ ಹೊರಟು ಬಾಗಿಲಲ್ಲಿ ಶೂ ಹಾಕಿಕೊಳ್ಳುತ್ತಿದ್ದರು. “ಸಾವಿರಾರು ಗೋಡೆ ಬಳಿದೋಳಿಗೆ ನಮ್ಮನೆ ನಾಲ್ಕು ಗೋಡೆ ಯಾವ ಲೆಕ್ಕ? ಮೇಲಿಂದ ಶುರು ಮಾಡು, ಕೆಳಗೆ ಇಳೀತಾ ಬಾ. ನಮ್ಮ ಲಿಫ್ಟ್ ಥರ!” ಎಂದರು.

“ನಿಮ್ಮ ಲಿಫ್ಟು ಮಧ್ಯದಲ್ಲೇ ನಿಲ್ಲುತ್ತಲ್ಲ, ಅದಕ್ಕೇ ಅಲ್ವಾ ನಿಮ್ಮನ್ನ ಕರೆಯೋದು?” ಎಂದಳು ಅಮ್ಮ. ಅಪ್ಪ ನಗುತ್ತಾ ಮೆಟ್ಟಿಲಿಳಿದು ಹೋದರು.

ಚೂಟಿಗೆ ತಡೆಯಲಾಗಲಿಲ್ಲ. “ಇಷ್ಟೊಂದು ಯೋಚನೆ ಯಾಕಮ್ಮಾ? ನೇರಳೆ ಹಾಕು. ಸಿಂಪಲ್!”

“ಆಯ್ತು, ನೇರಳೆನೇ ಹಾಕೋಣ. ತುಂಬ ಚೆನ್ನಾಗಿ ಕಾಣುತ್ತೆ,” ಎಂದಳು ಅಮ್ಮ, ಒಂದು ಕ್ಷಣವೂ ತಡಮಾಡದೆ. ನೇರಳೆ ಬಾಟಲಿಯನ್ನು ಎತ್ತಿಕೊಂಡು ಮುಚ್ಚಳ ತಿರುಗಿಸತೊಡಗಿದಳು.

ಚೂಟಿಗೆ ಕುಣಿದಾಡುವಷ್ಟು ಖುಷಿಯಾಗಬೇಕಿತ್ತು. ಆಗಲಿಲ್ಲ. ಆ ದನಿ ಅವಳಿಗೆ ಗೊತ್ತಿತ್ತು. ಅದು ಅಮ್ಮ ಫೋನಿನಲ್ಲಿ ಗಿರಾಕಿಗಳ ಜೊತೆ ಮಾತಾಡುವ ದನಿ. ಹಲ್ಲು ಡಾಕ್ಟರು ತಮ್ಮ ವೇಟಿಂಗ್ ರೂಮಿಗೆ ಪಾಚಿಯಂಥ ಹಸಿರು ಬೇಕೆಂದಾಗಲೂ ಅಮ್ಮ ಹೀಗೇ ‘ತುಂಬ ಚೆನ್ನಾಗಿ ಕಾಣುತ್ತೆ ಡಾಕ್ಟ್ರೇ’ ಎಂದಿದ್ದಳು. ಫೋನ್ ಇಟ್ಟ ಮೇಲೆ, “ಅಯ್ಯೋ ದೇವರೇ, ಅಲ್ಲಿ ಕೂತವರಿಗೆ ಹಲ್ಲುನೋವಿನ ಜೊತೆ ಹೊಟ್ಟೆನೋವೂ ಬರುತ್ತೆ!” ಎಂದು ಹಣೆ ಚಚ್ಚಿಕೊಂಡಿದ್ದಳು.

“ಅಮ್ಮಾ, ನಿಂಗೆ ನೇರಳೆ ಇಷ್ಟಾನಾ?”

“ನಿಂಗಿಷ್ಟ ಅಲ್ವಾ?”

“ನಾನು ಕೇಳಿದ್ದು ನಿಂಗೆ.”

ಅಮ್ಮನ ಕೈ ಮುಚ್ಚಳದ ಮೇಲೇ ನಿಂತಿತು. “ನಂಗಾ?” ಎಂದಳು. ಆಮೇಲೆ ಖಾಲಿ ಡಬ್ಬವೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತಳು. “ಗೊತ್ತಿಲ್ಲ ಕಣೇ. ಎಲ್ಲರೂ ಈ ಬಣ್ಣ ಹೊಡಿ, ಆ ಬಣ್ಣ ಹೊಡಿ ಅಂತಾರೆ, ಹೊಡೀತೀನಿ. ನಿಂಗ್ಯಾವುದು ಬೇಕು ಅಂತ ಯಾರಾದ್ರೂ ಪೇಂಟರನ್ನ ಕೇಳ್ತಾರಾ? ಬೆಳಿಗ್ಗೆಯಿಂದ ನೋಡ್ತಿದೀನಿ, ಒಂದೂ ಹೊಳೀತಿಲ್ಲ. ಕೈಕಾಲೇ ಆಡ್ತಿಲ್ಲ ನಂಗೆ.”

ಅಮ್ಮ ನಗಲು ನೋಡಿದಳು. ಆದರೆ ನಗು ಅರ್ಧಕ್ಕೇ ನಿಂತಿತು. ಚೂಟಿಗೆ ಅಮ್ಮನನ್ನು ನೋಡಿ ಪಾಪ ಅನ್ನಿಸಿತು. ಇಷ್ಟು ದಿನ ತಾನು ‘ಯಾವಾಗ ಹೊಡೀತೀಯಾ, ಯಾವಾಗ ಹೊಡೀತೀಯಾ’ ಎಂದು ಪೀಡಿಸಿದ್ದೆಷ್ಟು! ‘ಯಾವುದು’ ಎಂದು ಒಂದು ಸಲವಾದರೂ ಕೇಳಿದ್ದಳಾ?

ಅವಳು ಗೂಟದಲ್ಲಿ ತೂಗುತ್ತಿದ್ದ ಅಮ್ಮನ ಕೆಲಸದ ಟೋಪಿ ತೆಗೆದು ತಲೆಗೆ ಹಾಕಿಕೊಂಡಳು. ಅದು ಮೂಗಿನವರೆಗೂ ಇಳಿಯಿತು. ಪೆನ್ಸಿಲ್ಲನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಗೆ ಹೋಗಿ ಬಾಗಿಲು ಹಾಕಿದಳು. ಆಮೇಲೆ ಬೆಲ್ ಒತ್ತಿದಳು.

ಅಮ್ಮ ಬಾಗಿಲು ತೆಗೆದಳು. “ಏನೇ ಇದು ನಾಟಕ?”

“ನಮಸ್ಕಾರ ಮೇಡಂ. ಪೇಂಟರ್ ಬಂದಿದೀನಿ. ರೂಮ್ ತೋರಿಸ್ತೀರಾ?”

“ಓಹೋ! ಬನ್ನಿ, ಬನ್ನಿ. ನೀವು ತುಂಬ ಲೇಟು.”

“ಟ್ರಾಫಿಕ್ ಜಾಮ್ ಮೇಡಂ.” ಚೂಟಿ ಗಂಭೀರವಾಗಿ ಒಳಗೆ ಬಂದು ಗೋಡೆಯನ್ನು ಬೆರಳಿಂದ ಟಕಟಕ ಬಡಿದಳು, ಥೇಟ್ ಅಮ್ಮ ಬಡಿಯುವ ಹಾಗೆ. “ಗೋಡೆ ಗಟ್ಟಿಯಾಗಿದೆ. ಈ ರೂಮಲ್ಲಿ ನೀವು ಯಾವ ಟೈಮಲ್ಲಿ ಜಾಸ್ತಿ ಕೂರ್ತೀರಿ ಮೇಡಂ?” ಹೊಸ ಮನೆಗೆ ಹೋದಾಗಲೆಲ್ಲ ಅಮ್ಮ ಕೇಳುತ್ತಿದ್ದ ಮೊದಲ ಪ್ರಶ್ನೆ ಅದು.

“ಸಂಜೆ,” ಎಂದಳು ಅಮ್ಮ. “ಕೆಲಸದಿಂದ ಬಂದ ಮೇಲೆ.”

“ಬಂದ ಕೂಡಲೇ ಏನು ಮಾಡ್ತೀರಿ?”

“ಸೋಫಾ ಮೇಲೆ ಬೀಳ್ತೀನಿ. ಕತ್ತು ನೋಯ್ತಿರುತ್ತೆ. ಕಣ್ಣು ಉರೀತಿರುತ್ತೆ. ಇಡೀ ದಿನ ಹಸಿರು, ಹಳದಿ, ಕೆಂಪು ನೋಡಿ ನೋಡಿ...” ಅಮ್ಮ ತಟ್ಟನೆ ನಿಂತಳು. ಗೋಡೆಯ ಈ ತುದಿಯಿಂದ ಆ ತುದಿಯವರೆಗೆ ಕಣ್ಣು ಹಾಯಿಸಿದಳು. ಚೂಟಿ ತುಟಿ ಕಚ್ಚಿಕೊಂಡು ಕಾದಳು.

“ಬಿಳಿ,” ಎಂದಳು ಅಮ್ಮ ಕೊನೆಗೆ, ಮೆಲ್ಲಗೆ. “ನಂಗೆ ಬಿಳಿ ಬೇಕು. ಆಸ್ಪತ್ರೆ ಬಿಳಿ ಅಲ್ಲ. ಒಗೆದು ಒಗೆದು ಮೆತ್ತಗಾದ ಹಳೇ ಬನಿಯನ್ ಇರುತ್ತಲ್ಲ, ಅಂಥ ಬಿಳಿ. ನಾಲ್ಕೂ ಗೋಡೆಗೆ. ಬೇರೆ ಏನೂ ಬೇಡ.”

ಬಿಳಿಯಾ! ಉದ್ದಜಡೆ ಏನೆನ್ನುತ್ತಾಳೆ? ನೇರಳೆ ನೇರಳೆ ಎಂದು ಊರಿಗೆಲ್ಲ ಸಾರಿಯಾಗಿದೆ. ಪೇಂಟರ್ ಮನೆಗೆ ಬರೀ ಬಿಳಿಯೇ? ‘ಬೇಡಮ್ಮಾ’ ಎಂಬ ಮಾತು ಗಂಟಲಿಗೆ ಬಂದಿತ್ತು.

ಚೂಟಿ ಟೋಪಿಯನ್ನು ಮೇಲೆತ್ತಿ ಅಮ್ಮನ ಮುಖ ನೋಡಿದಳು. ಅಮ್ಮ ಉಸಿರು ಬಿಗಿಹಿಡಿದು ಕಾಯುತ್ತಿದ್ದಳು. ಗಿರಾಕಿಗಳು ಶೇಡ್ ಕಾರ್ಡ್ ಹಿಡಿದುಕೊಂಡು, ಇದು ಸರಿಯೋ ತಪ್ಪೋ ಎಂದು ಅಮ್ಮನ ಮುಖವನ್ನು ನೋಡುತ್ತಾರಲ್ಲ, ಹಾಗೆ.

ಚೂಟಿ ಕಿವಿಯಿಂದ ಪೆನ್ಸಿಲ್ ತೆಗೆದು ಅಂಗೈ ಮೇಲೆ ಬರೆದುಕೊಂಡಳು. “ಆಯ್ತು ಮೇಡಂ. ಹಳೇ ಬನಿಯನ್ ಬಿಳಿ. ಎರಡು ಕೋಟ್.”

“ತೇಪೆ ಕಾಣದ ಹಾಗೆ ಮೊದಲು ಪ್ರೈಮರ್ ಹೊಡೀಬೇಕು ಪೇಂಟರಮ್ಮಾ,” ಎಂದಳು ಅಮ್ಮ. ಮರುಕ್ಷಣ ಚೂಟಿಯನ್ನು ಟೋಪಿ ಸಮೇತ ಬಾಚಿ ತಬ್ಬಿಕೊಂಡಳು.

ಆಮೇಲೆ ನೋಡಬೇಕಿತ್ತು ಅಮ್ಮನ ಕೈ! ಬಿಳಿಗೆ ಒಂದೆರಡು ಹನಿ ಹಳದಿ, ಅರ್ಧ ಹನಿ ಕಂದು ಬೆರೆಸಿ ಬಕೆಟ್ಟಿನಲ್ಲಿ ಗರಗರ ತಿರುಗಿಸಿದಳು. ರೋಲರ್ ಗೋಡೆಯ ಮೇಲೆ ಸರಸರ ಓಡಿತು. ಚೂಟಿ ಕೆಳಗಿನ ಅಂಚಿಗೆ ಚಿಕ್ಕ ಬ್ರಶ್ಶಿನಿಂದ ಬಳಿದಳು, ಅದಕ್ಕಿಂತ ಹೆಚ್ಚು ತನ್ನ ಮೊಣಕೈಗೆ ಬಳಿದುಕೊಂಡಳು. ಭಾನುವಾರ ಸಂಜೆ ಅಪ್ಪ ಸೋಫಾವನ್ನು ಅದರ ಜಾಗಕ್ಕೆ ತಳ್ಳಿ, “ಅರೆ, ನಮ್ಮ ಹಾಲ್ ಇಷ್ಟು ದೊಡ್ಡದಿತ್ತಾ?” ಎಂದು ಬೆರಗಾದರು.

ಸೋಮವಾರ ಸಂಜೆ ಉದ್ದಜಡೆ ಬಾಗಿಲಲ್ಲೇ ನಿಂತುಬಿಟ್ಟಳು. “ನೇರಳೆ ಎಲ್ಲೇ?”

“ನಮ್ಮಮ್ಮಂಗೆ ಬಿಳಿ ಇಷ್ಟ,” ಎಂದಳು ಚೂಟಿ.

“ಬರೀ ಬಿಳೀನಾ? ಶೀ, ಬೋರ್!”

ಚೂಟಿಗೆ ಚುರುಕ್ಕೆಂದಿತು. ತಿರುಗಿ ಒಂದು ಬಿಸಿಬಿಸಿ ಉತ್ತರ ಕೊಡಬೇಕು ಎನ್ನುವಷ್ಟರಲ್ಲಿ ಅಮ್ಮ ಕೆಲಸದಿಂದ ಬಂದಳು. ಕೆನ್ನೆಯ ಮೇಲೆ ಯಾರದೋ ಮನೆಯ ಕಿತ್ತಳೆ ಬಣ್ಣ, ಉಗುರಿನಲ್ಲಿ ಇನ್ಯಾರದೋ ಮನೆಯ ನೀಲಿ. ಮಕ್ಕಳನ್ನು ನೋಡಿ, “ಬಂದ್ರಾ?” ಎಂದು ನಕ್ಕು, ಚೀಲ ಕೆಳಗಿಟ್ಟು ಸೋಫಾ ಮೇಲೆ ಕೂತಳು. ಕಾಲು ಚಾಚಿ, ಕತ್ತು ಹಿಂದಕ್ಕೆ ಒರಗಿಸಿ ಎದುರಿನ ಗೋಡೆ ನೋಡಿದಳು. ನೋಡುತ್ತಾ ನೋಡುತ್ತಾ ಅವಳ ಭುಜ ಸಡಿಲವಾಯಿತು. ಹುಬ್ಬಿನ ನಡುವಿನ ಗಂಟು ಬಿಚ್ಚಿಕೊಂಡಿತು.

ಬಿಸಿಬಿಸಿ ಉತ್ತರ ಚೂಟಿಗೆ ಬೇಡವೆನಿಸಿತು. ಅವಳು ಮಾಡೆಲ್‌ಗೆ ತಂದಿದ್ದ ಥರ್ಮೋಕೋಲ್ ಚೆಂಡುಗಳ ಚೀಲವನ್ನು ಸದ್ದಾಗದಂತೆ ಎತ್ತಿಕೊಂಡಳು.

“ಬನ್ರೇ, ಅಡುಗೆಮನೇಲಿ ಮಾಡೋಣ,” ಎಂದು ಪಿಸುಗುಟ್ಟಿದಳು.

“ಯಾಕೆ? ಇಲ್ಲೇ ಇಷ್ಟು ಜಾಗ ಇದೆಯಲ್ಲ?” ಎಂದಳು ಉದ್ದಜಡೆ.

“ಶ್! ಸ್ವಲ್ಪ ಹೊತ್ತು ಅದು ಅಮ್ಮಂದು.”

ಮೂವರನ್ನೂ ಒಳಗೆ ಕಳಿಸಿ, ಚೂಟಿ ಅಡುಗೆಮನೆಯ ಬಾಗಿಲನ್ನು ಮೆಲ್ಲನೆ ಮುಂದಕ್ಕೆ ಎಳೆದುಕೊಂಡಳು.