ಹನ್ನೊಂದು ಸೆಕೆಂಡಿನ ಹೆಣ್ಣುಹುಲಿ

ಚಾಕು ನನ್ನ ಗಂಟಲ ಮೇಲಿತ್ತು. ಹಿಡಿದವನ ಕೈ ನಡುಗುತ್ತಿತ್ತು.

ಅದೇ ತಲೆನೋವು... ಪಳಗಿದವನ ಚಾಕು ಎಲ್ಲಿಗೆ ಹೋಗುತ್ತೆ ಅಂತ ಊಹಿಸಬಹುದು. ನಡುಗುವವನದು ಎಲ್ಲಿಗೆ ಬೇಕಾದರೂ ಹೋದೀತು.

"ಆ ಸರ್ಟಿಫಿಕೇಟ್ ಕಾಪಿ ಕೊಟ್ಬಿಡ್ರಿ ಸಾರ್. ಸುಮ್ನೆ ಹೋಗ್ರಿ."

ನ್ಯಾಮತಿ ಬಸ್‌ಸ್ಟ್ಯಾಂಡ್ ಹಿಂದಿನ ಸಂದಿ. ಮಟಮಟ ಮಧ್ಯಾಹ್ನ. ಇವನು ನಿಂಗರಾಜ್. ಓಂಕಾರ್ ಮಾಸ್ಟರ್ ಸ್ಟೇಜ್ ಮೇಲೆ ಆತ್ಮರಕ್ಷಣೆ ಕಲಿಸುವಾಗ ಚಾಕು ಹಿಡಿದು ಬಂದು, ಪ್ರತಿ ಸಲವೂ ಸೋತು ಬೀಳುವವನು.

"ತಡಿಯಪ್ಪ, ಕೊಡ್ತೀನಿ" ಅಂದೆ. ಅವನ ಕಾಲ್ಬೆರಳ ಮೇಲೆ ಬೂಟು ಊರಿ ಒತ್ತಿದೆ. ಹಣೆಯಿಂದ ಮೂಗಿಗೆ ಕೊಟ್ಟೆ. ಕುಸಿದ. ಚಾಕುವನ್ನು ಚರಂಡಿಗೆ ಒದ್ದೆ. ನನ್ನ ಕುತ್ತಿಗೆಯೂ ಕೊಯ್ದುಹೋಗಿ ಕಾಲರ್ ರಕ್ತದಲ್ಲಿ ನೆನೆದಿತ್ತು. ನಿಜವಾದ ಜಗಳ ಹೀಗೇ ಇರೋದು ಸಾರ್... ನೋಡೋಕೆ ಒಂಚೂರೂ ಚೆನ್ನಾಗಿರಲ್ಲ.

ನಾನು ಜಯಪ್ಪ. ಪೊಲೀಸ್ ಕೆಲಸ ಬಿಟ್ಟ ಮೇಲೆ ಹೊನ್ನಾಳಿಯ ಒಬ್ಬ ವಕೀಲರಿಗೆ ಸಾಕ್ಷಿ ಹುಡುಕಿಕೊಡುತ್ತೇನೆ. ಹೋದ ವಾರ ಕತ್ತಲಗೆರೆಯ ಹುಲಿಗೆಮ್ಮ ಬಂದಿದ್ದರು. ಮಗಳು ಸುನೀತಾ ತೀರಿಕೊಂಡು ಹದಿನೇಳು ದಿನ.

"ಕೇಸು ಗೀಸು ಬ್ಯಾಡ್ರಿ. ಆ ಮಾಸ್ಟರ್ ಶನಿವಾರ ಜಗಳೂರಾಗೆ ಮುನ್ನೂರು ಹುಡ್ಗೇರಿಗೆ ಕಲಿಸ್ತಾನಂತೆ. ಅದೊಂದು ನಿಲ್ಸಾಕೆ ಆಗ್ತೈತಾ?"

ಆಗುತ್ತೆ ಅಂದಿದ್ದೆ. ಬಾಯಿ ಮುಚ್ಚಿಕೊಂಡಿರಬೇಕಿತ್ತು.

ಸುನೀತಾ ಚನ್ನಗಿರಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸಂಜೆ ಹೊರಡುವಾಗ ಒಬ್ಬ ಚಾಕು ತೋರಿಸಿ ಸರ ಕೇಳಿದ. ಅವಳು ಚಾಕುವನ್ನೇ ಕಿತ್ತುಕೊಂಡಳು. ಅಂಗಡಿ ಕ್ಯಾಮೆರಾದ ಹನ್ನೊಂದು ಸೆಕೆಂಡನ್ನು ಟಿವಿಯವರು ದಿನವಿಡೀ ತಿರುಗಿಸಿ ತಿರುಗಿಸಿ ತೋರಿಸಿದರು. ಕೆಳಗೆ ದಪ್ಪ ಅಕ್ಷರದಲ್ಲಿ 'ಓಂಕಾರ್ ಮಾಸ್ಟರ್ ಗರಡಿಯ ಹೆಣ್ಣುಹುಲಿ'. ಆಮೇಲೆ 'ಹೋರಾಡಿ ಮಡಿದಳು' ಅಂತ ಒಂದು ಸಾಲು.

ಪೂರ್ತಿ ವಿಡಿಯೊ ನಾನು ಅಂಗಡಿಯಲ್ಲೇ ನೋಡಿ, ಫೋನಿಗೆ ಹಾಕಿಸಿಕೊಂಡೆ. ಹನ್ನೆರಡನೇ ಸೆಕೆಂಡಿಗೆ ಸುನೀತಾ ಚಾಕು ತಿರುಗಿಸಿ, ಹಿಡಿ ಮುಂದೆ ಮಾಡಿ, ಅವನಿಗೇ ವಾಪಸ್ ಕೊಟ್ಟಳು. ತಲೆ ಬಾಗಿಸಿ ನಮಸ್ಕಾರವನ್ನೂ ಮಾಡಿದಳು.

ಅವನು ತಿವಿದ.

ಎರಡು ಸಲ ನೋಡಿದೆ. ಮೂರನೇ ಸಲ ನನ್ನ ಕೈಲಾಗಲಿಲ್ಲ.

ಸಂದಿಯಲ್ಲಿ ಬಿದ್ದಿದ್ದ ನಿಂಗರಾಜನಿಗೆ ಅದನ್ನೇ ಕೇಳಿದೆ. "ಯಾಕೋ ವಾಪಸ್ ಕೊಟ್ಲು?"

ಮೂಗಿನ ರಕ್ತ ಒರೆಸಿಕೊಂಡ. "ಕ್ಲಾಸ್‌ನಾಗೆ ಹಂಗೇ ಅಲ್ವೇನ್ರಿ... ಕಿತ್ಕೊಂಡ್ಮೇಲೆ ನಂಗೆ ವಾಪಸ್ ಕೊಟ್ಟು ನಮಸ್ಕಾರ ಮಾಡ್ಬೇಕು. ಮುಂದಿನ ಹುಡ್ಗಿ ಲೈನ್‌ನಾಗೆ ಕಾಯ್ತಿರ್ತಾಳೆ. ಇರೋದು ಒಂದೇ ಚಾಕು."

"ಎಷ್ಟು ದಿನ ಮಾಡಿದ್ಲು?"

"ಎರಡು ತಿಂಗ್ಳು, ದಿನಾ. ಎಲ್ಲರಿಗಿಂತ ಚೆಂದ ಮಾಡ್ತಿದ್ಲು ಸಾರ್."

"ನಿಮ್ಮ ಮಾಸ್ಟರ್ ಎಲ್ಲಿ ಕಲ್ತಿದ್ದು?"

"ಮೊಬೈಲ್‌ನಾಗೆ."

ಅವನ ಸರ್ಟಿಫಿಕೇಟಿನಲ್ಲಿ ಕರಾಟೆ ಬ್ಲ್ಯಾಕ್ ಬೆಲ್ಟ್, ಏಳನೇ ಡಾನ್ ದರ್ಜೆ, ಜಪಾನಿನ ಮೊಹರು! ಎಲ್ಲಾ ಆ ಬಸ್‌ಸ್ಟ್ಯಾಂಡ್ ಬೀದಿಯ ಡಿಟಿಪಿ ಅಂಗಡಿಯಲ್ಲಿ ಪ್ರಿಂಟ್ ಆದದ್ದು. ಹೆಸರಿನ ಜಾಗ ಖಾಲಿ ಬಿಟ್ಟ ಫೈಲ್ ಇನ್ನೂ ಆ ಕಂಪ್ಯೂಟರಿನಲ್ಲಿದೆ. ಅದರ ಕಾಪಿಗೇ ನಿಂಗರಾಜ್ ನನ್ನ ಬೆನ್ನು ಬಿದ್ದದ್ದು.

ಕಾಪಿ, ಪೂರ್ತಿ ವಿಡಿಯೊ ಎರಡನ್ನೂ ಟಿವಿ ವರದಿಗಾರ ಪ್ರವೀಣ್ ಕುಮಾರ್ ಮುಂದಿಟ್ಟೆ. ಕೊನೇವರೆಗೂ ನೋಡಿದ. ಮುಖ ಬಿಳಿಚಿತು. ಆದರೂ ಫೋನ್ ತಿರುಗಿಸಿ ನನ್ನ ಕಡೆ ತಳ್ಳಿದ.

"ಮಾಸ್ಟರನ್ನ ಹೀರೋ ಮಾಡಿದ್ದೇ ನಾವು. ಈಗ ನಾವೇ ಸುಳ್ಳು ಅಂದ್ರೆ ಚಾನೆಲ್ ಮರ್ಯಾದೆ ಏನಾಗ್ಬೇಕು ಸಾರ್?"

"ಇನ್ನೊಬ್ಬಳು ಸಾಯ್ತಾಳೆ."

"ಆಗ ಬಂದು ಕವರ್ ಮಾಡ್ತೀವಿ."

ಅವನಿಗೆ ಹೊಡೆಯಲಿಲ್ಲ. ಈಗ ಅದಕ್ಕೇ ಬೇಜಾರು.

ಶನಿವಾರ ಜಗಳೂರು. ಹಾಲ್ ತುಂಬ ಹುಡುಗಿಯರು. ಹಿಂದಿನ ಸಾಲಿನಲ್ಲಿ ಹುಲಿಗೆಮ್ಮ. ನಾನು ಸ್ಟೇಜ್ ಹತ್ತಿ ಮೈಕ್ ಕಸಿದುಕೊಂಡೆ. ಯಾರೋ ಸ್ವಿಚ್ ಆಫ್ ಮಾಡಿದರು. ಸರಿ... ಓಂಕಾರ್‌ನ ಕಾಲರಿಗೇ ಕೈ ಹಾಕಿದೆ.

"ಬಿಡಿಸ್ಕೋ ನೋಡಾನ."

ಬಿಡಿಸಿಕೊಳ್ಳಲಾಗಲಿಲ್ಲ. ನನಗೆ ಐವತ್ತೆಂಟು. ಅವನ ಎರಡೂ ಕೈ ಗಾಳಿಯಲ್ಲಿ ಒದ್ದಾಡಿದವು. ಮಂಡಿಯೂರಿ "ಬಿಟ್ಬಿಡ್ರಿ ಸಾರ್, ಮಕ್ಳು ಅದಾವೆ" ಅಂದ. ಮುನ್ನೂರು ಹುಡುಗಿಯರು ಕಣ್ಣಾರೆ ನೋಡಿದರು. ಒಂದೇ ಒಂದು ನಿಮಿಷ, ಗೆದ್ದೆ ಅಂದುಕೊಂಡೆ.

ಅಷ್ಟರಲ್ಲಿ ನಿಮ್ಮ ಜೀಪು ಬಂತು.

ಬರೆದುಕೊಳ್ಳಿ ಸಾರ್, ಒಂದಕ್ಷರವೂ ಬಿಡಬೇಡಿ. ನಿಮ್ಮ ಸ್ಟೇಷನ್ ಟಿವಿಯಲ್ಲಿ ಆಗಿನಿಂದ ಅದೇ ಓಡುತ್ತಿದೆ... 'ಮಾಸ್ಟರ್ ಮೇಲೆ ದಾಳಿ. ತಿರುಗಿ ಹೊಡೆಯದ ಮಹಾಸಂಯಮಿ!' ಬಾಗಿಲ ಹೊರಗಿನ ಬೆಂಚಿನ ಮೇಲೆ ಹುಲಿಗೆಮ್ಮ ಕೂತಿದ್ದಾರೆ. ಒಳಗೆ ಇಣುಕಿ ಒಂದೇ ಮಾತು ಕೇಳಿದರು.

"ನಿಲ್ತೇನಪ್ಪಾ?"

ಟಿವಿ ಕಡೆ ಕೈ ತೋರಿಸಿದೆ. ಊಟವಾದ ಮೇಲೆ ಕ್ಲಾಸ್ ಮತ್ತೆ ಶುರುವಾಗಿದೆ. ಮಧ್ಯಾಹ್ನದ ಪಾಠ, ಕಾಲರ್ ಹಿಡಿದವನಿಂದ ಬಿಡಿಸಿಕೊಳ್ಳುವುದು ಹೇಗೆ.